ಒಂಟಿ ಎಲೆ

ನಮ್ಮ ಊರಿನಲ್ಲಿ ನೆತ್ತರು ಮೈಗಿಂತ ಮುಂದೆ ನಡೆಯುತ್ತದೆ. ನಾಳೆ ಬರಬೇಕಾದ ಜ್ವರ ಇವತ್ತೇ ನೆತ್ತರಿಗೆ ಗೊತ್ತಿರುತ್ತದೆ. ಬೆರಳ ತುದಿ ಚುಚ್ಚಿ ಒಂದು ಹನಿಯನ್ನು ಬಳ್ಳಿಲಿಂಗನ ಗುಡಿಯ ವೀಳ್ಯದೆಲೆಯ ಮೇಲೆ ಬಿಟ್ಟರೆ, ಮೈ ನೆಟ್ಟಗಿರುವವರ ಎಲೆ ಹಸಿರಾಗಿ ಹರಡಿಕೊಂಡೇ ಇರುತ್ತದೆ. ಒಳಗೆ ಉರಿ ಹುಟ್ಟುತ್ತಿರುವವರ ಎಲೆ ಅಂಚಿನಿಂದ ಮುದುಡುತ್ತ ಬರುತ್ತದೆ. ಇದಕ್ಕೆ ನಾವು ಎಲೆ ನೋಡುವುದು ಎನ್ನುತ್ತೇವೆ. ಬೀಗರ ಊರಿಗೆ ಹೊರಡುವ ಮುಂಚೆ ನೋಡುತ್ತಾರೆ, ಬಾಣಂತಿಗೆ ನೀರೆರೆಯುವ ಮುಂಚೆ ನೋಡುತ್ತಾರೆ. ಪರೀಕ್ಷೆ ತಪ್ಪಿಸಿಕೊಳ್ಳಬೇಕೆನ್ನುವ ಮಕ್ಕಳು ಎಲೆಯನ್ನು ಚಿಮಣಿಯ ಮೇಲೆ ಹಿಡಿದು ಬಾಡಿಸಿ ಶಾಲೆಗೆ ತರುತ್ತವೆ. ಮಾಸ್ತರರು ಅದನ್ನು ಮೂಸಿ ನೋಡಿ, ಸೀಮೆಎಣ್ಣೆಯ ವಾಸನೆ ಬಂದರೆ ಕಿವಿ ಹಿಂಡುತ್ತಾರೆ.

ಗುಡಿಯ ಹಿಂದೆ ಚೊಗಚೆ ಮರಗಳಿಗೆ ಹಬ್ಬಿದ ಆ ಬಳ್ಳಿಗೆ ನೀರು ಹಾಕುವುದು, ಎಲೆ ಕೊಯ್ದು ಕೊಡುವುದು, ನೋಡಿ ಮುಗಿದ ಎಲೆಯನ್ನು ಮತ್ತೆ ಬಳ್ಳಿಯ ಬುಡದಲ್ಲೇ ಮಣ್ಣು ಮಾಡುವುದು ನಮ್ಮ ಮನೆತನದ ಸೇವೆ. ಅತ್ತೆಯ ಕೈಯಿಂದ ಅದು ನನ್ನ ಕೈಗೆ ಬಂತು. ನನ್ನ ಹೆಸರು ಫಕೀರವ್ವ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಬಾಯಲ್ಲಿ ಶಿವನಾಮ ಇಟ್ಟುಕೊಂಡೇ ನಾನು ಎಲೆಗೆ ಉಗುರು ತಾಗಿಸುವುದು. ಕೇಳಿ ಬಂದವರಿಗೆ ಇಲ್ಲ ಎಂದವಳಲ್ಲ. ಒಂದು ಬಗೆಯವರಿಗೆ ಮಾತ್ರ ಕೊಡುವಂತಿರಲಿಲ್ಲ. ಎದೆ ತೆರೆಸಿಕೊಂಡವರಿಗೆ. ದೊಡ್ಡ ದವಾಖಾನೆಯಲ್ಲಿ ಹೃದಯದ ಆಪರೇಶನ್ ಆದವರು ತಮ್ಮ ಕಾಲ ಮೇಲೆ ನಡೆದು ಗುಡಿಗೆ ಬಂದು ಮಂಗಳಾರತಿ ತೆಗೆದುಕೊಳ್ಳುವ ತನಕ ಅವರ ಎಲೆ ನೋಡಬಾರದು ಎಂಬುದು ಊರ ಕಟ್ಟಳೆ.

ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ತಿರಕಪ್ಪ ಎಂಬ ಕಂಬಳಿ ನೇಯುವವನೊಬ್ಬನಿದ್ದ. ಊರಲ್ಲಿ ಮೊದಲು ಎದೆ ತೆರೆಸಿಕೊಂಡವನು ಅವನೇ. ಆಪರೇಶನ್ ಆದ ಸಂಜೆ ಮನೆಯವರು ಎಲೆ ನೋಡಿದರು. ಎಲೆ ಸುರುಳಿ ಸುತ್ತಿಕೊಂಡು ಕಡ್ಡಿಯಂತಾಯಿತು. ಅಂಥ ಎಲೆಯನ್ನು ಯಾರೂ ಕಂಡಿರಲಿಲ್ಲ. ಮನೆಯಲ್ಲಿ ಅಳು ಬಿತ್ತು. ಅಣ್ಣತಮ್ಮಂದಿರು ಸಮಾಧಿಗೆ ಕುಣಿ ತೋಡಿಸಿದರು, ಹೆಂಡತಿ ಬಳೆ ಒಡೆದುಕೊಂಡಳು, ಬೀಗರು ಮುಖ ನೋಡಲು ಬಂದು ಇಳಿದರು. ತಿರಕಪ್ಪನಿಗೆ ಏನೂ ಆಗಲಿಲ್ಲ. ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ನಡೆದು ಬಂದರೆ ಹೆಂಡತಿಯ ಕೈ ಬರಿದು, ಕಂಬಳಿಯ ಮಗ್ಗ ಆಗಲೇ ತಮ್ಮನ ಪಾಲಿಗೆ ಹೋಗಿತ್ತು. ಅವನು ಹೊಸ್ತಿಲು ದಾಟಲಿಲ್ಲ. ಬಂದ ದಾರಿಯಲ್ಲೇ ಹೊರಳಿ ಊರು ಬಿಟ್ಟು ಹೋದ. ಆಮೇಲೆ ತಿಳಿಯಿತು, ಎದೆ ತೆರೆಸಿಕೊಂಡ ಯಾರ ಎಲೆಯಾದರೂ ಮುದುಡಿಯೇ ಮುದುಡುತ್ತದೆ ಎಂದು. ಗುಡಿಯ ಪಂಚಾಕ್ಷರಯ್ಯನವರು ಆಗ ಹರೆಯದವರು, ತಿರಕಪ್ಪನ ಜೀವದ ಗೆಳೆಯರು. ಆ ಕಟ್ಟಳೆ ಮಾಡಿದವರು ಅವರೇ. ತಿರಕಪ್ಪ ನೇಯ್ದ ಕಂಬಳಿಯನ್ನು ಇಂದಿಗೂ ಹಾಸಿಕೊಂಡೇ ಅವರು ಜಪಕ್ಕೆ ಕೂರುವುದು.

ಇಷ್ಟು ವರ್ಷ ನಾನೂ ಆ ಮಾತಿಗೆ ತಲೆಬಾಗಿಯೇ ನಡೆದೆ. ಆಮೇಲೆ ನನ್ನ ನೆಗೆಣ್ಣಿ ಶಾವಂತ್ರವ್ವನ ಎದೆಯ ಕವಾಟ ಕೆಟ್ಟಿತು.

ಶಾವಂತ್ರವ್ವ ನನ್ನ ಮೈದುನ ಯಮನಪ್ಪನ ಹೆಂಡತಿ. ನಾನು ಆ ಮನೆಗೆ ಬಂದ ಮರುವರ್ಷ ಅವಳು ಬಂದಳು. ಅಂದಿನಿಂದ ಒಂದೇ ಒಲೆ, ಒಂದೇ ಜಗಳ. ನನ್ನ ರೊಟ್ಟಿ ದಪ್ಪ ಎಂದು ಅವಳು, ಅವಳ ಸಾರಿಗೆ ಉಪ್ಪಿಲ್ಲ ಎಂದು ನಾನು. ನನ್ನ ಗಂಡ ತೀರಿಕೊಂಡ ದಿನ ನನ್ನನ್ನು ಎತ್ತಿ ಕೂರಿಸಿ, "ಉಣ್ಣು. ನೀ ಸತ್ರ ನಾ ಯಾರ ಜೋಡಿ ಜಗಳಾ ಆಡ್ಲಿ?" ಎಂದು ಗದರಿ ಬಾಯಿಗೆ ತುತ್ತು ಇಟ್ಟವಳು. ಹುಡುಗಿಯಾಗಿದ್ದಾಗ ಬಂದ ಕೀಲುಜ್ವರ ಅವಳ ಹೃದಯದ ಕವಾಟವನ್ನು ಸದ್ದಿಲ್ಲದೆ ತಿಂದಿತ್ತು. ಒಂದು ಕೊಡ ನೀರು ಹೊತ್ತರೆ ಏದುಸಿರು ಬಿಡುತ್ತಿದ್ದಳು. ದವಾಖಾನೆಯಲ್ಲಿ, ಕವಾಟ ಬದಲಿಸದೆ ದಾರಿಯಿಲ್ಲ ಎಂದರು.

ಆಪರೇಶನ್ ಮಾಡಬೇಕಾದವಳು ಡಾಕ್ಟರ್ ಮುರಿಗೆಮ್ಮ, ನಮ್ಮೂರ ಬಣ್ಣಗಾರರ ಮನೆಯ ಮಗಳು. ದೂರದ ಊರುಗಳಲ್ಲಿ ಓದಿ, ತಿರುಗಿ ಬಂದು ಊರಿನ ದೊಡ್ಡ ದವಾಖಾನೆಯಲ್ಲೇ ನೆಲೆ ನಿಂತವಳು. ಒಂದು ಮುಂಜಾನೆ ನಾನು ಬಳ್ಳಿಗೆ ನೀರು ಕಟ್ಟುತ್ತಿದ್ದಾಗ, ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು ತೋಟದೊಳಗೆ ಬಂದಳು.

"ದೊಡ್ಡವ್ವಾ, ಆಪರೇಶನ್ ಆದಮ್ಯಾಲೆ ನನಗ ಎಲಿ ಬೇಕು."

"ಕಟ್ಟಳಿ ಗೊತ್ತೈತಿಲ್ಲವಾ ನಿನಗ?"

"ಗೊತ್ತೈತಿ. ಅದಕ್ಕ ಕೇಳಾಕ ಬಂದೀನಿ. ಇಲ್ಲಂದ್ರ ಹರಕೊಂಡು ಹೋಗ್ತಿದ್ದೆ." ಅವಳು ಬದುವಿನ ಮೇಲೆ ಕುಳಿತಳು. "ಕವಾಟ ಹೊಲಿಯೂ ಮುಂದ ಹೃದಯ ನಿಲ್ಲಿಸಬೇಕಾಗ್ತದ. ಅಷ್ಟೊತ್ತು ನೆತ್ತರು ಮೈ ಬಿಟ್ಟು ಯಂತ್ರದ ಕೊಳವಿಯೊಳಗ ತಿರುಗಾಡಿ ಬರ್ತದ. ಪರರ ಮನಿಗೆ ಹೋಗಿ ಬಂದಿದ್ದಕ್ಕ ಅದಕ್ಕ ಸಿಟ್ಟು. ಹಂಗಾಗಿ ಎಲ್ಲಾರ ಎಲೀನೂ ಮುದುಡ್ತದ. ಆದ್ರ ಭಾಳ ಮಂದಿಗೆ ಆ ಸಿಟ್ಟು ತಾನ ಇಳೀತದ. ಕೆಲವರದು ಇಳಿಯಂಗಿಲ್ಲ. ತನ್ನ ಮನೀಗೇ ತಾ ಬೆಂಕಿ ಹಚ್ತದ, ಪುಪ್ಪುಸಕ್ಕ, ಮೂತ್ರಪಿಂಡಕ್ಕ, ಹೃದಯದ ಚೀಲಕ್ಕ. ಜ್ವರ ಬಂದು ನಮಗ ಗೊತ್ತಾಗೂದ್ರೊಳಗ ಅರ್ಧಾ ಮನಿ ಸುಟ್ಟಿರ್ತದ."

"ಎಲ್ಲಾ ಎಲೀನೂ ಮುದುಡಿದ್ರ ಯಾವದು ಯಾವದು ಅಂತ ಹೆಂಗ ಗೊತ್ತಾಗ್ತದ?"

"ನಾ ಓದಿದ ಊರಾಗ ಇಂಥಾ ಎಲಿ ಇಲ್ಲ ದೊಡ್ಡವ್ವಾ. ನೆತ್ತರಾಗ ಇರೂ ಯಾವ್ಯಾವದೋ ವಸ್ತು ಯಂತ್ರದಾಗ ಅಳೀತಾರ. ಒಮ್ಮೆ ಅಳದ್ರ ಅವರಿಗೂ ಏನೂ ತಿಳಿಯಂಗಿಲ್ಲ. ಸಂಜಿಗೊಮ್ಮೆ, ಮುಂಜಾನೆಗೊಮ್ಮೆ ಅಳದು, ಏರಿದ್ದು ಇಳೀತೋ ಇಲ್ಲೋ ನೋಡ್ತಾರ. ಅಲ್ಲೂ ಒಮ್ಮೊಮ್ಮೆ ತಪ್ಪತಾರ. ಇಲ್ಲಿ ಹೆಂಗ ಆಕೈತೋ ನನಗೂ ಖಾತ್ರಿ ಇಲ್ಲ. ಆದ್ರ ನೋಡದ ಕುಂತ ಮಂದಿ ಕೈಯಾಗ ಜೀವ ಹೋದದ್ದನ್ನ ನಾ ಕಂಡೀನಿ."

ಅವಳು ಹೋದ ಮೇಲೆ ನಾನು ಗುಡಿಯಲ್ಲಿ ಕುಳಿತೆ. ಲಿಂಗದ ಮುಂದೆ ದೀಪ ನಿಶ್ಚಲವಾಗಿ ಉರಿಯುತ್ತಿತ್ತು. ಹೂ ಬೀಳಲಿಲ್ಲ, ಹಲ್ಲಿ ಲೊಚಗುಡಲಿಲ್ಲ. ಸ್ವಾಮಿ ಅಪ್ಪಣೆ ಕೊಡಲಿ ಎಂದು ನಾನು ಕಾದಿದ್ದೂ ಇಲ್ಲ. ಮುಂದೆ ನಡೆಯುವ ನೆತ್ತರನ್ನು ಈ ಊರಿಗೆ ಕೊಟ್ಟವನು ಅವನು. ಕೊಟ್ಟ ಮೇಲೆ ನೀವು ಕಣ್ಣು ಮುಚ್ಚಿಕೊಳ್ಳಿ ಎಂದು ಅವನು ಹೇಳಿದ್ದನೇ? ಹೇಳಿದವರು ನಾವು, ನಮ್ಮ ಅಂಜಿಕೆಗೆ. ಇಷ್ಟು ಮನಸ್ಸಿಗೆ ಬಂದ ಮೇಲೆ ಎದ್ದೆ. ಹೊರಗೆ ಪಂಚಾಕ್ಷರಯ್ಯನವರು ಕಂಬಳಿಯ ಮೇಲೆ ಕುಳಿತು ಬಿಲ್ವಪತ್ರೆ ಬಿಡಿಸುತ್ತಿದ್ದರು.

"ಅಜ್ಜಾರ, ಶಾವಂತ್ರಿ ಎಲಿ ನೋಡಾಕ ಕೊಡ್ತೀನ್ರಿ. ಕದ್ದು ಕೊಡೂದು ಬ್ಯಾಡಂತ ನಿಮಗ ಹೇಳಾಕತ್ತೀನಿ."

ಅವರು ತಲೆಯೆತ್ತಲಿಲ್ಲ. "ಕೊಡಬ್ಯಾಡವಾ. ತಿರಕನ ಮನ್ಯಾಗ ಏನಾತು ನಿಮ್ಮತ್ತಿ ಹೇಳಿಲ್ಲೇನು?"

"ಹೇಳ್ಯಾಳ್ರಿ. ಅವನ ಮನ್ಯಾಗ ಎಲಿ ನೋಡಿ ಅತ್ತರು. ನಾವು ನೋಡಿ ಔಷಧ ಹಾಕ್ತೀವಿ."

"ಮುದುಡಿದ ಎಲಿ ನೋಡಿದ ಮ್ಯಾಲೆ ಕೈ ಕಾಲು ಆಡಂಗಿಲ್ಲ ಫಕೀರವ್ವ. ನಾ ಕಂಡೀನಿ."

"ನನ್ನವು ಆಡ್ತಾವ್ರಿ," ಎಂದೆ. ಅವರು ಇನ್ನೊಂದು ಬಿಲ್ವಪತ್ರೆ ಕೈಗೆತ್ತಿಕೊಂಡರು. ಕಾಲಿಗೆ ನಮಸ್ಕಾರ ಮಾಡಿ ಬಂದೆ.

ಶಾವಂತ್ರಿಯ ಆಪರೇಶನ್ನಿನ ದಿನವೇ ಅದೇ ಕೋಣೆಯಲ್ಲಿ ಇನ್ನೊಬ್ಬರ ಎದೆಯೂ ತೆರೆಯುವುದಿತ್ತು. ಮದುವೆಗಳಲ್ಲಿ ಸನಾದಿ ಊದುವ ಗೂಳಪ್ಪ. ಊದಿ ಊದಿ ದೊಡ್ಡದಾದ ಗಲ್ಲ, ಅದಕ್ಕಿಂತ ದೊಡ್ಡ ಬಾಯಿ. ಅವನಿಗೂ ಎಲೆ ನೋಡುತ್ತೇವೆ, ಆದೀತೇ ಎಂದು ಮುರಿಗೆಮ್ಮ ಕೇಳಿದ್ದಕ್ಕೆ, "ನೋಡ್ರಿ, ನೋಡ್ರಿ. ಮದ್ಲ ಎದಿ ಒಳಗ ನೋಡಾಕ ಬಿಟ್ಟೀನಿ, ಎಲಿ ಏನು ಮಹಾ," ಎಂದ. ಯಮನಪ್ಪ ಮಾತ್ರ ನನ್ನ ಸೆರಗು ಹಿಡಿದು ನಿಂತ. "ವೈನೀ, ಬ್ಯಾಡ. ಮುದುಡಿದ ಎಲಿ ನಾ ನೋಡಲಾರೆ."

"ನೀ ನೋಡಬ್ಯಾಡ. ಹೊರಗ ಕುಂತು ಶಿವಾ ಅನ್ನು. ನೋಡಾಕ ನಾ ಇದ್ದೀನಿ."

ಶಾವಂತ್ರವ್ವನನ್ನು ಗಾಲಿಮಂಚದ ಮೇಲೆ ಒಳಗೆ ಒಯ್ಯುವಾಗ ಅವಳು ನನ್ನನ್ನು ಕರೆದು ಕಿವಿಯಲ್ಲಿ ಹೇಳಿದಳು: "ಅಕ್ಕಾ, ನಾ ಬರೂದ್ರಾಗ ಕೆಂಪು ಖಾರದ ರಂಜಕದ ಗಡಿಗಿ ಖಾಲಿ ಮಾಡಿದ್ರ ನೋಡು ಮತ್ತ."

ಇಬ್ಬರ ಆಪರೇಶನ್ನೂ ಸುಸೂತ್ರ ಆಯಿತು. ಸಂಜೆ ಮುರಿಗೆಮ್ಮ ಇಬ್ಬರಿಂದಲೂ ಒಂದೊಂದು ಹನಿ ತಂದು ಎಲೆಯ ಮೇಲೆ ಬಿಟ್ಟಳು. ಐಸಿಯುವಿನ ಹೊರಗಿನ ಕಿಟಕಿಕಟ್ಟೆಯ ಮೇಲೆ ಒದ್ದೆ ಅರಿವೆ ಹಾಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಕುಳಿತೆವು. ಗೂಳಪ್ಪನ ಎಲೆ ನೋಡನೋಡುತ್ತಲೇ ಕರಿದ ಹಪ್ಪಳದಂತೆ ಮುದುಡಿ ಸೆಟೆದುಕೊಂಡಿತು. ಶಾವಂತ್ರಿಯ ಎಲೆಯ ಅಂಚು ಮಾತ್ರ ಸ್ವಲ್ಪ ಒಳಗೆ ಮಡಚಿತು. ನನ್ನ ಎದೆ ಹಗುರಾಯಿತು. ಪಾಪ ಗೂಳಪ್ಪ, ಎಂದುಕೊಂಡೆ. ಮುರಿಗೆಮ್ಮ ನನ್ನ ಮುಖ ಓದಿದಳು. "ಈಗ ನಗಬ್ಯಾಡ ದೊಡ್ಡವ್ವಾ. ಅಳಲೂಬ್ಯಾಡ. ಇದು ಬರೇ ಕತ್ತಿ ಆಡಿದ ಸುದ್ದಿ. ಮುಂಜಾನೆ ಎಲಿ ಮಾತಾಡ್ತದ."

ಮುಂಜಾನೆ ಹೊಸ ಎಲೆ ಕೊಯ್ದು ತಂದೆ. ಮತ್ತೆ ಒಂದೊಂದು ಹನಿ. ಗೂಳಪ್ಪನ ಎಲೆ ಒಂದಿಷ್ಟು ಮುದುಡಿದಂತೆ ಮಾಡಿ, ಮತ್ತೆ ಮೆಲ್ಲಗೆ ಅಂಚು ಬಿಚ್ಚಿ ಹರಡಿಕೊಂಡಿತು. ಶಾವಂತ್ರಿಯದು ಅಂಚಿನಿಂದ ಒಳಗೆ, ಒಳಗಿನಿಂದ ನಡುನರಕ್ಕೆ, ಸುರುಳಿ ಸುತ್ತುತ್ತಲೇ ಹೋಯಿತು.

ಒಳಗೆ ಹೋಗಿ ನೋಡಿದರೆ ಅವಳು ದಿಂಬಿಗೆ ಒರಗಿ ಕುಳಿತಿದ್ದಾಳೆ. ಜ್ವರವಿಲ್ಲ, ಉಸಿರು ಸರಾಗ. ಪಕ್ಕದ ಮಂಚದಲ್ಲಿ ಗೂಳಪ್ಪ ಅಯ್ಯೋ ಅಪ್ಪೋ ಎಂದು ನರಳುತ್ತಿದ್ದರೆ, "ಏ ಗೂಳಪ್ಪಣ್ಣ, ಸುರ ತಪ್ಪಾಕತ್ತೈತಿ ನೋಡು," ಎಂದು ಚುಡಾಯಿಸುತ್ತಿದ್ದಾಳೆ. ಉಳಿದ ಡಾಕ್ಟರರು ಬಂದು ನೋಡಿ, ಈಕೆ ಚೆನ್ನಾಗಿದ್ದಾಳೆ, ಇವತ್ತೇ ವಾರ್ಡಿಗೆ ಕಳಿಸಬಹುದು ಎಂದು ಹೇಳಿ ಹೋದರು. ಯಮನಪ್ಪನ ಮುಖ ಅರಳಿತು. ನನ್ನ ಕೈಯಲ್ಲಿದ್ದ ಸುರುಳಿಯನ್ನು ಕಂಡದ್ದೇ ಅವನು ಗೋಡೆಗೆ ಆನಿಕೊಂಡು ಕುಸಿದ. "ನಾ ಬ್ಯಾಡ ಅಂದಿದ್ದಿಲ್ಲೇನು ವೈನೀ? ನಗತಾ ಇದ್ದಾಕಿಗೆ ಎಲಿ ನೋಡಿ ಕೇಡು ತಂದಿ."

ಅದೇ ಹೊತ್ತಿಗೆ ಪಂಚಾಕ್ಷರಯ್ಯನವರು ಬಡಿಗೆ ಊರಿಕೊಂಡು ಮೆಟ್ಟಿಲು ಹತ್ತಿ ಬಂದರು. ಸುದ್ದಿ ಅವರಿಗಿಂತ ಮುಂಚೆ ಊರು ಸುತ್ತಿ ಬಂದಿರಬೇಕು. ಸುರುಳಿಯನ್ನು ಬಹಳ ಹೊತ್ತು ನೋಡಿದರು. "ತಿರಕನ ಎಲಿ ಹಿಂಗ ಇತ್ತು. ಇದ ಇದು. ಅವಗೇನಾತು? ಏನೂ ಆಗಲಿಲ್ಲ. ಇದು ಸುಳ್ಳು ಹೇಳೂ ಎಲಿ. ಇಲ್ಲಿ ತಂಪಿನ ಯಂತ್ರದ ಗಾಳಿ ಬ್ಯಾರೆ ಬೀಸಾಕತ್ತೈತಿ, ಯಾವ ಎಲಿ ಒಣಗಂಗಿಲ್ಲ?"

ಮುರಿಗೆಮ್ಮ ಸಿಟ್ಟಾಗಲಿಲ್ಲ. "ಅಜ್ಜಾರ ಕೇಳೂದು ಖರೆ ಐತಿ. ನಾನೂ ಅದನ್ನ ಕೇಳಿಕೊಳ್ಳಾಕತ್ತೀನಿ. ನಾಳೆ ಉರಿಯೂ ಮನಿಗೆ ಇವತ್ತ ನೀರು ಹಾಕಬೇಕಂದ್ರ, ಆ ಮನಿ ಖರೇನ ಉರೀತದ ಅಂತ ನನಗ ಗೊತ್ತಿರಬೇಕು. ಬ್ಯಾಡದ ಔಷಧ ಕೊಟ್ರ ಅದೂ ಕಾಡ್ತದ."

ನಾನು ಕುಳಿತಲ್ಲೇ ಒಂದು ಹೊಸ ಎಲೆ ತೆಗೆದೆ. ಸೂಜಿಯಿಂದ ನನ್ನ ಬೆರಳು ಚುಚ್ಚಿಕೊಂಡು ಹನಿ ಬಿಟ್ಟು, ಅದೇ ಅರಿವೆಯ ಮೇಲೆ, ಅದೇ ಗಾಳಿಯಲ್ಲಿ, ಸುರುಳಿಯ ಪಕ್ಕದಲ್ಲಿ ಇಟ್ಟೆ. "ಗಾಳಿಗೆ ಒಣಗಿದ್ದಾದ್ರ ಇದೂ ಒಣಗಲಿ ಅಜ್ಜಾರ. ತಿರಕಪ್ಪಣ್ಣನ ಎಲಿ ಜೋಡಿ ಯಾರದರೆ ಎಲಿ ಇಟ್ಟಿದ್ರೇನು? ಮರದಿನ ಇನ್ನೊಮ್ಮೆ ನೋಡಿದ್ರೇನು? ಒಂದ ಎಲಿ, ಒಂದ ಸರ್ತಿ. ಅದನ್ನ ಹಿಡಕೊಂಡು ಕುಣಿ ತೋಡಿದ್ವಿ."

ಅಜ್ಜನವರು ನನ್ನ ಎಲೆಯನ್ನು ನೋಡಿದರು. ಆಮೇಲೆ ಬಡಿಗೆಯನ್ನು ಗೋಡೆಗೆ ಆನಿಸಿ, ಕಿಟಕಿಕಟ್ಟೆಯ ಮುಂದೆ ಕುಳಿತು, ತಮ್ಮ ಬಲಗೈಯ ಬೆರಳು ಮುಂದೆ ಚಾಚಿದರು. ಇಂಥ ಎಲೆ ನೋಡಲೇಬಾರದು ಎಂದು ಕಟ್ಟಳೆ ಮಾಡಿದವರ ಬೆರಳು. "ಚುಚ್ಚು," ಎಂದರು.

ಮುರಿಗೆಮ್ಮ ತನ್ನದೂ ಒಂದು ಹನಿ ಇಟ್ಟಳು. ಗೂಳಪ್ಪನ ಹೆಂಡತಿ ಇಟ್ಟಳು. ನೆಲ ಒರೆಸುತ್ತಿದ್ದ ಹೆಣ್ಣುಮಗಳು ಕೈ ತೊಳೆದುಕೊಂಡು ಬಂದು, "ನಂದೂ ಒಂದು ಇರಲಿ ತಗೋರಿ" ಎಂದಳು. ಕೊನೆಗೆ ಯಮನಪ್ಪ ಮುಖ ಆಚೆ ತಿರುಗಿಸಿ ಬೆರಳು ಕೊಟ್ಟ. ಶಾವಂತ್ರಿಯಿಂದ ಮತ್ತೊಂದು ಹನಿ ತರಿಸಿ, ಮತ್ತೊಂದು ಎಲೆಯ ಮೇಲೆ ಬಿಟ್ಟು, ಸಾಲಿನ ನಟ್ಟನಡುವೆ ಇಟ್ಟೆವು. ಅಜ್ಜನವರ ತುಟಿ ಪಂಚಾಕ್ಷರಿ ಎಣಿಸುತ್ತಿತ್ತು. ಕಿಟಕಿಯಿಂದ ಎಳೆಬಿಸಿಲು ಬಂದು ಸಾಲಿನ ಮೇಲೆಲ್ಲ ಒಂದೇ ಸಮನೆ ಬಿತ್ತು. ಎಲ್ಲರ ಎಲೆಯೂ ಹಸಿರು. ನಡುವಿನದೊಂದು ಮಾತ್ರ ಸುತ್ತುತ್ತ, ಸುತ್ತುತ್ತ, ಕಡ್ಡಿಯಾಯಿತು.

"ಸಾಕು," ಎಂದು ಮುರಿಗೆಮ್ಮ ಎದ್ದಳು.

ಶಾವಂತ್ರಿಯನ್ನು ವಾರ್ಡಿಗೆ ಕಳಿಸಲಿಲ್ಲ. ಎದೆಯ ಮೇಲೆ ಯಂತ್ರ ಆಡಿಸಿ ನೋಡಿದಾಗ, ಹೃದಯದ ಚೀಲದಲ್ಲಿ ನೀರು ಜಿನುಗಲು ಶುರುವಾಗಿತ್ತು. ಹಿಂದಿನ ಸಂಜೆ ಇರಲಿಲ್ಲ. ಇನ್ನೂ ಸ್ವಲ್ಪವೇ, ಯಾವ ತೊಂದರೆಯೂ ಕಾಣದಷ್ಟು. ಉರಿ ತಗ್ಗಿಸುವ ಔಷಧ ಕೂಡಲೇ ಶುರು ಮಾಡಿದರು. ನೀರು ಹೆಚ್ಚಾದರೆ ತೆಗೆಯಲು ಎಲ್ಲ ಸಜ್ಜು ಮಾಡಿಟ್ಟುಕೊಂಡರು. ಶಾವಂತ್ರಿಗೆ ಕೋಪ ಬಂತು. "ನೆಟ್ಟಗಿದ್ದಾಕಿಗೆ ಯಾಕಿಷ್ಟು ಸೂಜಿ? ಆ ಗೂಳಪ್ಪಣ್ಣಗ ಚುಚ್ಚರಿ, ಒದರಾಕರೆ ಕಾರಣ ಆಗ್ತದ!"

ಅಂದೇ ಸಂಜೆಯ ಮಂಗಳಾರತಿ ಆದ ಮೇಲೆ ಪಂಚಾಕ್ಷರಯ್ಯನವರು ಗುಡಿಯ ಕಟ್ಟೆಯ ಮೇಲೆ ನಿಂತು ಊರಿಗೆ ಹೇಳಿದರಂತೆ: "ಎದಿ ತೆರೆಸಿಕೊಂಡವರ ಎಲಿ ನೋಡಬಾರದು ಅಂತ ನಾ ಹೇಳಿದ್ದೆ. ಆ ಮಾತು ಬಿಡ್ರಿ. ಒಂಟಿ ಎಲಿ ನೋಡಬಾರದು. ಇನ್ನ ಮ್ಯಾಲೆ ಕಟ್ಟಳಿ ಇದು. ಶಾವಂತ್ರವ್ವನ ಜೋಡಿ ಎಲಿ ಇಡಾಕ ಮಂದಿ ಬೇಕು. ಬರೂವರು ಸ್ನಾನಾ ಮಾಡಿ ಬರ್ರಿ." ಹೇಳಿ ಮುಗಿಸಿ, ಕಂಬಳಿಯನ್ನು ಕೊಡವಿ ಮಡಚಿಕೊಂಡು ಹೋದರಂತೆ. ಅವರ ಕಣ್ಣು ಒದ್ದೆಯಾಗಿತ್ತು ಎಂದು ನೋಡಿದವರು ಹೇಳಿದರು.

ಮರುದಿನ, ಎಲೆ ಹೇಳಿದ ಹಾಗೆಯೇ, ಉರಿ ಮೈಗೆ ಬಂತು. ಜ್ವರ ಏರಿತು. ಮಾತು ನಿಂತಿತು. ಎದೆ ತಿದಿಯಂತೆ ಏರಿಳಿಯತೊಡಗಿತು. ಹೃದಯದ ಸುತ್ತ ತುಂಬಿದ ನೀರನ್ನು ಮುರಿಗೆಮ್ಮ ಸೂಜಿ ಹಾಕಿ ತೆಗೆದಳು. ಸಜ್ಜಾಗಿಯೇ ಇದ್ದದ್ದರಿಂದ ಯಾರೂ ಓಡಾಡಲಿಲ್ಲ, ಯಾರೂ ಕೂಗಲಿಲ್ಲ. ಆದರೂ ಮೂಗಿಗೆ ಗಾಳಿಯ ಕೊಳವೆ ಹಾಕಿಕೊಂಡು ಕಣ್ಣು ಮುಚ್ಚಿ ಮಲಗಿದ ಅವಳನ್ನು ನೋಡಿದರೆ, ಅಷ್ಟು ವರ್ಷ ನನ್ನ ಜೊತೆ ಜಗಳ ಆಡಿದವಳು ಇವಳೇ ಹೌದೋ ಅಲ್ಲವೋ ಎನ್ನಿಸುತ್ತಿತ್ತು. ಆ ಬಾಯಿ ಸುಮ್ಮನಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಕೈಕಾಲು ಆಡುವುದಿಲ್ಲ ಎಂದು ಅಜ್ಜನವರು ಹೇಳಿದ್ದು ಯಾಕೆಂದು ಆಗ ತಿಳಿಯಿತು. ಆದರೂ ಆಡಿಸಿದೆ. ಬೆಳಗಾದರೆ ಸ್ನಾನ, ವಿಭೂತಿ, ಬಳ್ಳಿಗೆ ನೀರು, ಮಡಿಲ ತುಂಬ ಎಲೆ. ದವಾಖಾನೆಯ ಮೆಟ್ಟಿಲ ಮೇಲೆ ಮಂದಿ ಸಾಲು ನಿಂತಿರುತ್ತಿದ್ದರು. ಅವಳ ಜೊತೆ ನಲ್ಲಿ ನೀರಿಗೆ ಹೊಡೆದಾಡಿದವರೂ ಇದ್ದರು. ಒಬ್ಬೊಬ್ಬರೂ ಹನಿ ಇಟ್ಟು ಹೋಗುತ್ತಿದ್ದರು. ಕಿಟಕಿಕಟ್ಟೆ ಸಾಲದೆ ಬೆಂಚಿನ ಮೇಲೂ ಅರಿವೆ ಹಾಸಿದೆವು. ಹಸಿರು ಎಲೆಗಳ ನಡುವೆ ದಿನವೂ ಒಂದು ಕಡ್ಡಿ. ನಾನು ಅದನ್ನು ನೋಡುತ್ತ ಶಿವಾ, ಬಿಚ್ಚಪ್ಪಾ, ಎನ್ನುತ್ತ ಕೂರುತ್ತಿದ್ದೆ.

ಜ್ವರ ಎಲ್ಲಕ್ಕಿಂತ ಮೇಲೆ ಏರಿದ್ದು ಒಂದು ಸೋಮವಾರ. ಯಮನಪ್ಪ ಗೋಡೆಗೆ ತಲೆ ಕೊಟ್ಟು ಅಳುತ್ತಿದ್ದ. ನಾನು ಎಂದಿನಂತೆ ಸಾಲು ಜೋಡಿಸಿ ಅವಳ ಹನಿಯನ್ನು ನಡುವೆ ಇಟ್ಟೆ. ಅದು ಮುದುಡಿತು. ಅಂಚು, ನಡುವಿನ ತನಕ. ಅಲ್ಲಿ ನಿಂತಿತು. ಅಜ್ಜನವರು ನನ್ನ ತೋಳು ಹಿಡಿದುಕೊಂಡರು. ಎಲೆ ಸ್ವಲ್ಪ ನಡುಗಿತು. ಮೆಲ್ಲಗೆ, ಎಳೆಗೂಸು ಮುಷ್ಟಿ ಸಡಿಲಿಸಿದ ಹಾಗೆ, ಒಂದು ಬದಿಯ ಅಂಚು ಹೊರಗೆ ಬಂತು. ಆಮೇಲೆ ಇನ್ನೊಂದು ಬದಿ.

ನಾನು ಎಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡೇ ಒಳಗೆ ಓಡಿದೆ. ಮುರಿಗೆಮ್ಮ ನೋಡಿದಳು. "ನಾಳೆ ಉರಿ ಇಳೀತದ ದೊಡ್ಡವ್ವಾ," ಎಂದಳು, ಅವಳ ಮುಖವೆಲ್ಲ ನಗುವಾಯಿತು. ವಾರ್ಡಿನಿಂದ ಅವಳನ್ನು ನೋಡಲು ಬಂದಿದ್ದ ಗೂಳಪ್ಪ ಎಲೆ ಕಂಡು, "ಬಿಚ್ಚಿತು!" ಎಂದು ಹೊಲಿಗೆ ಹಾಕಿದ ಎದೆಯನ್ನು ಒತ್ತಿ ಹಿಡಿದುಕೊಂಡೇ ನಕ್ಕ. ಬಾಗಿಲಲ್ಲಿ ನಿಂತಿದ್ದವರೆಲ್ಲ ನಕ್ಕರು. ಆ ಸದ್ದಿಗೆ ಶಾವಂತ್ರವ್ವ ಕಣ್ಣು ಬಿಟ್ಟಳು. ಮೈ ಕೆಂಡದಂತೆ ಸುಡುತ್ತಿತ್ತು, ತುಟಿ ಒಡೆದಿತ್ತು. ಗಾಳಿಯ ಕೊಳವೆಯನ್ನು ತಾನೇ ಅತ್ತ ಸರಿಸಿ, ಎಷ್ಟೋ ದಿನದ ಮೇಲೆ ಬಾಯಿ ತೆರೆದಳು.

"ಅಕ್ಕಾ… ನಾ ಇಲ್ಲಿ ಸಾಯಾಕತ್ತೀನಿ. ನೀವೆಲ್ಲಾ ನಿಂತು ನಗಾಕತ್ತೀರೇನು?"

"ಹೌದವಾ," ಎಂದೆ. ಕಣ್ಣೀರು ಸುರಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. "ಬೈ. ಇನ್ನಷ್ಟು ಬೈ."

ನನ್ನ ಅಂಗೈಯಲ್ಲಿದ್ದ ಎಲೆಯನ್ನು ಅವಳು ಮಂಜುಗಣ್ಣಿನಿಂದ ದಿಟ್ಟಿಸಿದಳು. ಅಂಚು ಇನ್ನೂ ತುಸು ಮಡಚಿತ್ತು. ನಡುವೆ ಅವಳ ನೆತ್ತರಿನ ಬೊಟ್ಟು. ತೋರುಬೆರಳನ್ನು ಕಷ್ಟಪಟ್ಟು ಎತ್ತಿ, ಆ ಮಡಿಕೆಯನ್ನು ತಾನೇ ಒತ್ತಿ ನೆಟ್ಟಗೆ ಮಾಡಿದಳು. ಜ್ವರದ ಬೆರಳು ಎಲೆಯ ಮೂಲಕವೂ ನನ್ನ ಅಂಗೈಯನ್ನು ಸುಡುತ್ತಿತ್ತು. ಎಲೆ ಮಾತ್ರ ತಣ್ಣಗಿತ್ತು.